ಮೊಳೆಗೆ ನೇತುಹಾಕಿದ ಬೆಲ್ಟು

2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಸುದ್ದಿ ಕೇಳಿದ್ದೇ ತಡ, ಕಲಬುರಗಿಯ ನಮ್ಮ ಮನೆಯಲ್ಲಿ ನಮ್ಮ ಅಂಬಾಸಿಡರ್ ಕಾರಿಗೆ ಬೇಕಾಗುವ ಬಿಡಿ ಸಾಮಾನು ಕೂಡಿಡುವ ಕೆಲಸ ಶುರುವಾಯಿತು. ಗೇರು, ಬೇರಿಂಗು, ಆಯಿಲ್ ಸೀಲು, ಬ್ರೇಕಿನ ರಬ್ಬರ್ ಕಿಟ್ಟು, ಹೀಗೆ ಸಿಕ್ಕಿದ್ದನ್ನೆಲ್ಲ ಅಪ್ಪ ತಂದು ಮಾಳಿಗೆ ಮೇಲಿನ ತಗಡಿನ ಖೋಲಿ ತುಂಬಿಸಿದರು. ಎಂಜಿನ್ನಿನ ಫ್ಯಾನ್ ತಿರುಗಿಸುವ ರಬ್ಬರ್ ಬೆಲ್ಟನ್ನು ಗೋಡೆಯ ಮೊಳೆಗೆ ನೇತುಹಾಕಿದರು.

ಹೋದ ಬೇಸಿಗೆಯಲ್ಲಿ ಕಾರಿನ ಬೆಲ್ಟು ಹರಿಯಿತು. ಮೊಳೆಯಿಂದ ಹೊಸದನ್ನು ಇಳಿಸಿ ನೋಡಿದರೆ, ಒಂದು ದಿನವೂ ಓಡದ ಬೆಲ್ಟಿನಲ್ಲಿ ಬಿರುಕು! ಬೇಸಿಗೆಯ ಎರೆಹೊಲದ ಹಾಗೆ. ಅದೂ ಎಲ್ಲ ಕಡೆ ಅಲ್ಲ, ಮೊಳೆಯ ಮೇಲೆ ಬಾಗಿದ್ದ ಜಾಗದ ಹೊರಮೈಯಲ್ಲಿ ಮಾತ್ರ.

ಅಲ್ಲೇ ಯಾಕೆ? ರಬ್ಬರ್ ಅಂದರೆ ಉದ್ದುದ್ದ ಕಾರ್ಬನ್ ಸರಪಳಿಗಳು. ಸಾಮಾನ್ಯ ರಬ್ಬರಿನ ಸರಪಳಿಯಲ್ಲಿ ಅಲ್ಲಲ್ಲಿ ದ್ವಿಬಂಧಗಳು, ಅಂದರೆ ಎರಡು ಕಾರ್ಬನ್ ನಡುವಿನ ಜೋಡಿ ಕೊಂಡಿಗಳು, ಇರುತ್ತವೆ. ಗಾಳಿಯಲ್ಲಿನ ಓಝೋನ್ ಕತ್ತರಿ ಹಾಕುವುದು ಅಲ್ಲಿಗೇ. ಹತ್ತು ಕೋಟಿ ಅಣುಗಳಲ್ಲಿ ಐದಾರು ಓಝೋನ್ ಇದ್ದರೂ ಸಾಕು. ವಾಹನದ ಹೊಗೆಗೆ ಬಿಸಿಲು ತಾಗಿದರೆ ಅಷ್ಟು ಹುಟ್ಟುತ್ತದೆ. ಹೊಗೆ, ಬಿಸಿಲು ಎರಡಕ್ಕೂ ನಮ್ಮೂರಲ್ಲಿ ಬರ ಇಲ್ಲ ಬಿಡಿ. ರಬ್ಬರ್ ಸಡಿಲವಾಗಿದ್ದರೆ ತುಂಡಾದ ಸರಪಳಿ ಇದ್ದಲ್ಲೇ ಇರುತ್ತದೆ, ಮೇಲ್ಮೈ ಮಾತ್ರ ಕೆಡುತ್ತದೆ. ಬಾಗಿ ಎಳೆದುಕೊಂಡಿದ್ದರೆ ತುದಿಗಳು ದೂರ ಸರಿಯುತ್ತವೆ. ಒಳಗಿನ ಹೊಸ ರಬ್ಬರ್ ಗಾಳಿಗೆ ಸಿಗುತ್ತದೆ. ಎಳೆತಕ್ಕೆ ಅಡ್ಡಲಾಗಿ ಬಿರುಕು ಆಳಕ್ಕೆ ಇಳಿಯುತ್ತಾ ಹೋಗುತ್ತದೆ.

ಜೊತೆಗೆ ಆಮ್ಲಜನಕ ನಿಧಾನವಾಗಿ ರಬ್ಬರನ್ನು ಪೆಡಸು ಮಾಡುತ್ತದೆ. 10 ಡಿಗ್ರಿ ಬಿಸಿ ಏರಿದರೆ ಈ ಕೆಲಸದ ವೇಗ ಸುಮಾರು ದುಪ್ಪಟ್ಟು. ಅಂದರೆ 30 ಡಿಗ್ರಿಯ ಖೋಲಿಗಿಂತ 50 ಡಿಗ್ರಿಯ ತಗಡಿನಡಿ ರಬ್ಬರ್ ನಾಲ್ಕು ಪಟ್ಟು ಬೇಗ ಮುದಿಯಾಗುತ್ತದೆ!

ತಮಾಷೆ ಏನಂದರೆ, ಅದೇ ಖೋಲಿಯ ಗೇರು, ಬೇರಿಂಗುಗಳಿಗೆ ಏನೂ ಆಗಿರಲಿಲ್ಲ. ತುಕ್ಕಿಗೆ ತೇವ ಬೇಕು. ನಮ್ಮ ಒಣಗಾಳಿ ಕಬ್ಬಿಣಕ್ಕೆ ಒಳ್ಳೆಯದೇ. ಮಂಗಳೂರಲ್ಲಾಗಿದ್ದರೆ ಉಪ್ಪುಗಾಳಿಗೆ ಅವೂ ಉಳಿಯುತ್ತಿರಲಿಲ್ಲವೇನೋ. ಮಳೆಗಾಲದ ಭಯಕ್ಕೆ ಗ್ರೀಸ್ ಸವರಿ ಸುತ್ತಿಟ್ಟಿದ್ದೂ ಉಪಯೋಗಕ್ಕೆ ಬಂತು.

"ಕಬ್ಬಿಣ ಕೂಡಿಡ್ರಿ, ರಬ್ಬರ್ ಬೇಕಾದಾಗ ತಗೋರಿ," ಎಂದರು ಮಿಸ್ತ್ರಿ. ಈಗ ತೀರಾ ಸಿಗದ ರಬ್ಬರ್ ಸಾಮಾನು ಮಾತ್ರ ಕೆಳಗೆ, ಶಹಾಬಾದ್ ಕಲ್ಲು ಹಾಸಿದ ಕತ್ತಲೆ ಖೋಲಿಯಲ್ಲಿದೆ. ಮಡಚದೆ, ನೇತುಹಾಕದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ. 2014ರ ಬ್ರೇಕ್ ಕಿಟ್ಟುಗಳನ್ನು ಎಸೆದುಬಿಟ್ಟೆ. ಅಪ್ಪನಿಗೆ ಇನ್ನೂ ಹೇಳಿಲ್ಲ.