ಡಿಸ್ಟೆಂಪರ್ ಊರ ನಾಯಿಗಷ್ಟೇ ಅಲ್ಲ, ಕಡಲುನಾಯಿಗೂ

ಹೋದ ವಾರ ವಿಜಯಪುರದ ನಮ್ಮ ಕ್ಲಿನಿಕ್‌ಗೆ ಒಬ್ಬರು ಮೂರು ತಿಂಗಳ ನಾಯಿಮರಿಯನ್ನು ಹಳೇ ಟವೆಲ್‌ನಲ್ಲಿ ಸುತ್ತಿ ತಂದಿದ್ದರು. ಕಣ್ಣಲ್ಲಿ ಗೀಜು, ಮೂಗು ಒಣಗಿ ಬಿರಿದಿತ್ತು, ದವಡೆ ಮಾತ್ರ ಏನೋ ಅಗಿಯುತ್ತಿರುವ ಹಾಗೆ ಅದುರುತ್ತಲೇ ಇತ್ತು. ಡಿಸ್ಟೆಂಪರ್, ನಾಯಿಗಳಲ್ಲಿ ಹರಡುವ ವೈರಸ್ ರೋಗ. ಲಸಿಕೆ ಹಾಕಿಸಿರಲಿಲ್ಲ. "ಸರ, ಇದು ಮನಷ್ಯಾರಿಗೂ ಹತ್ತತೈತೇನ್ರೀ?" ಅಂದರು. ಇಲ್ಲ ರೀ ಅಂದೆ. ಸೀಲ್‌ಗೆ ಹತ್ತುತ್ತೆ ಅನ್ನೋದು ಬಾಯಿಗೆ ಬಂದಿತ್ತು, ಸುಮ್ನಾದೆ.

ಸೀಲ್ ಅಂದರೆ ಕಡಲುನಾಯಿ. ಹೆಸರು ಸುಮ್ನೆ ಬಂದಿಲ್ಲ, ನಾಯಿ, ಕರಡಿ, ನೀರುನಾಯಿ ಎಲ್ಲ ಇರುವ ಗುಂಪಿಗೇ ಅದೂ ಸೇರುತ್ತೆ. 1987-88ರಲ್ಲಿ ಸೈಬೀರಿಯಾದ ಬೈಕಲ್ ಸರೋವರದಲ್ಲಿ ಸಾವಿರಾರು ಸೀಲ್‌ಗಳನ್ನು ಕೊಂದದ್ದು ಇದೇ ನಾಯಿ ಡಿಸ್ಟೆಂಪರ್ ವೈರಸ್. 2000ದಲ್ಲಿ ಕ್ಯಾಸ್ಪಿಯನ್ ಸಮುದ್ರದ ಸೀಲ್‌ಗಳದ್ದೂ ಅದೇ ಕಥೆ.

ಬೈಕಲ್ ಸೀಲ್ ಬರೀ ಸಿಹಿನೀರಲ್ಲೇ ಬದುಕುವ ಒಂದೇ ಸೀಲ್ ಜಾತಿ, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಸದ್ಯಕ್ಕೆ ಚಿಂತೆಯಿಲ್ಲದ ಸಾಲಿನಲ್ಲಿದೆ. ಕ್ಯಾಸ್ಪಿಯನ್ ಹೆಸರಿಗೆ ಸಮುದ್ರ, ಅಸಲಿಗೆ ಸುತ್ತಲೂ ನೆಲ ಇರುವ ದೊಡ್ಡ ಉಪ್ಪುಕೆರೆ. ನೂರು ವರ್ಷದ ಹಿಂದೆ ಅಲ್ಲಿ ಸುಮಾರು 10 ಲಕ್ಷ ಸೀಲ್ ಇದ್ದವು. ಬೇಟೆ ಆಯ್ತು, ಮೀನುಬಲೆಗೆ ಸಿಕ್ಕು ಸತ್ತದ್ದಾಯ್ತು, ರೋಗ ಬಂತು, ಈಗ ನೀರೂ ಇಳಿಯುತ್ತಿದೆ. ಉಳಿದದ್ದು ಹತ್ತರಲ್ಲಿ ಒಂದು ಪಾಲಿನಷ್ಟು, 2008ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನಮ್ಮ ಭೂತನಾಳ ಕೆರೆ ಬತ್ತಿದರೆ ಹಕ್ಕಿ ಆಲಮಟ್ಟಿ ಹಿನ್ನೀರಿಗೆ ಹಾರುತ್ತೆ, ಮೀನು ಎಲ್ಲಿಗೆ ಹೋಗಬೇಕು? ಕೆರೆಯ ಸೀಲ್ ಕಷ್ಟವೂ ಅದೇ. ಹಾಗಾಗಿ ಬೈಕಲ್‌ನ ಆ ಒಳ್ಳೇ ಸಾಲನ್ನು ನಾನು ಅಷ್ಟಾಗಿ ನಂಬೋದಿಲ್ಲ.

ಹಾಗಂತ ಕಡಲಿನವು ಆರಾಮಾಗಿವೆ ಅಂತಲ್ಲ. ಕೆರಿಬಿಯನ್ ಮಾಂಕ್ ಸೀಲ್ 1952ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಹಿಮ ಕರಗುತ್ತಿರುವುದರಿಂದ ಉತ್ತರದ ಹುಡೆಡ್ ಸೀಲ್ ಕೂಡ 2025ರಲ್ಲಿ ಅಳಿವಿನ ಅಂಚಿಗೆ ಬಂತು.

ಪಶುವೈದ್ಯನಾಗಿ ನನಗೆ ಖುಷಿ ಕೊಡೋದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ನಡೆಯುತ್ತಿರುವ ಕೆಲಸ. ಅಲ್ಲಿ ಉಳಿದಿರುವ ಮಾಂಕ್ ಸೀಲ್ ಸುಮಾರು 1,600. ರೋಗ ಬರುವ ಮೊದಲೇ, 2016ರಿಂದ ಡಿಸ್ಟೆಂಪರ್ ಲಸಿಕೆ ಹಾಕುತ್ತಿದ್ದಾರೆ. ಮರಳಿನ ಮೇಲೆ ನಿದ್ದೆ ಹೊಡೆಯುವಾಗ ಮೆಲ್ಲಗೆ ಹೋಗಿ, ಕೋಲಿನ ತುದಿಯ ಸಿರಿಂಜ್‌ನಿಂದ ಚುಚ್ಚಿ ಬರೋದು. ಕೆಲವು ವಾರ ಬಿಟ್ಟು ಅದೇ ಸೀಲನ್ನು ಹುಡುಕಿ ಎರಡನೇ ಡೋಸ್. ಇಲ್ಲಿ ಎರಡನೇ ಡೋಸ್‌ಗೆ ಸ್ಟೇಷನ್ ರೋಡಿನಿಂದ ಬನ್ನಿ ಅಂತ ಮೂರು ಸಲ ಫೋನ್ ಮಾಡಿದರೂ ಬರೋರು ಕಮ್ಮಿ.

ಆ ಮರಿ ಉಳಿಯಲಿಲ್ಲ. ಮನೆಯಲ್ಲಿದ್ದ ದೊಡ್ಡ ನಾಯಿಯನ್ನು ಮಾರನೇ ದಿನವೇ ಕರೆತಂದರು.