ಪದ ಪರಿಚಯ: ‘ಜೈವಿಕ ಮೂಲದ’ ಅಂದರೆ ಕೊಳೆಯುವ ಅಂತಲ್ಲ

ಉಡುಪಿಯಲ್ಲಿ ನಡೆದ ಒಂದು ಮಾಹಿತಿ ಕಾರ್ಯಕ್ರಮದ ಬ್ಯಾನರ್‌ನಲ್ಲಿ ಹೀಗೆ ಬರೆದಿತ್ತು: ‘ಜೈವಿಕ ಮೂಲದ ವಸ್ತು ಬಳಸಿ, ಬಿಸಾಡಿದರೂ ಮಣ್ಣಲ್ಲಿ ಕರಗುತ್ತದೆ.’ ಇದೇ ಮಾತು ಮಂಗಳೂರಿನ ಅಂಗಡಿಗಳ ತೊಟ್ಟೆಯ (ಕೈಚೀಲದ) ಮೇಲೂ ಉಂಟು, ಮದುವೆ ಹಾಲ್‌ನ ಲೋಟದ ಮೇಲೂ ಉಂಟು. ಬಳಸಿ ಅನ್ನುವ ಸಲಹೆ ಇರಲಿ. ಕರಗುತ್ತದೆ ಅನ್ನುವುದನ್ನು ಎಲ್ಲಿಂದ ತಂದರು ಮಾರಾಯ್ರೆ?

ಜೈವಿಕ ಮೂಲದ ವಸ್ತು, ಅಂದರೆ ಬಯೋಬೇಸ್ಡ್ ವಸ್ತು, ತನ್ನ ಇಂಗಾಲವನ್ನು ಗಿಡ, ಮರ, ಪಾಚಿ, ಪ್ರಾಣಿಗಳಿಂದ ಪಡೆದಿರುತ್ತದೆ. ಅಷ್ಟೇ. ಅದು ಹುಟ್ಟಿನ ವಿಚಾರ. ಕೊಳೆಯುತ್ತದೋ ಇಲ್ಲವೋ ಅನ್ನುವುದು ಅದರ ಅಣುಗಳು ಹೇಗೆ ಹೆಣೆದುಕೊಂಡಿವೆ, ಸೂಕ್ಷ್ಮಜೀವಿಗಳಿಗೆ ಆ ಹೆಣಿಗೆ ಬಿಡಿಸಲು ಬರುತ್ತದೋ ಅನ್ನುವುದರ ಮೇಲೆ ನಿಂತಿದೆ. ಹುಟ್ಟಿಗೂ ಗತಿಗೂ ನೇರ ಸಂಬಂಧ ಇಲ್ಲ.

‘ಕಚ್ಚಾ ತೈಲವೂ ಒಂದು ಕಾಲದಲ್ಲಿ ಜೀವಿಯೇ ಆಗಿತ್ತಲ್ಲ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಪ್ರಯೋಗಾಲಯದಲ್ಲಿ ಸೊಗಸಾದ ಉತ್ತರವೂ ಇದೆ. ಗಾಳಿಯಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲ ತುಸು ಇರುತ್ತದೆ. ಬೆಳೆಯುವ ಗಿಡ ಅದನ್ನೂ ಎಳೆದುಕೊಳ್ಳುತ್ತದೆ. ಗಿಡ ಸತ್ತ ಮೇಲೆ ಸುಮಾರು 5,730 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಕೋಟ್ಯಂತರ ವರ್ಷ ಹಳೆಯ ಕಚ್ಚಾ ತೈಲದಲ್ಲಿ ಅದು ಉಳಿದಿರುವುದೇ ಇಲ್ಲ. ಹಾಗಾಗಿ ಒಂದು ಲೋಟದಲ್ಲೋ ಬಣ್ಣದಲ್ಲೋ ಕಾರ್ಬನ್-14 ಎಷ್ಟಿದೆ ಅಂತ ಅಳೆದರೆ ಅದರ ಇಂಗಾಲದಲ್ಲಿ ಶೇಕಡಾ ಎಷ್ಟು ಹೊಸ ಬೆಳೆಯದು ಅಂತ ಗೊತ್ತಾಗುತ್ತದೆ. ಅಮೆರಿಕದ ಕೃಷಿ ಇಲಾಖೆ ಕೊಡುವ ಬಯೋಬೇಸ್ಡ್ ಲೇಬಲ್‌ನಲ್ಲಿ ಈ ಶೇಕಡಾವಾರು ಅಂಕಿಯನ್ನೇ ಮುದ್ರಿಸುತ್ತಾರೆ. ನಮ್ಮಲ್ಲಿ ಒಂದು ಹಸಿರು ಎಲೆಯ ಚಿತ್ರ ಹಾಕಿ ಸುಮ್ನಾಗುತ್ತಾರೆ.

ಗೊಂದಲಕ್ಕೆ ಅರ್ಧ ಕಾರಣ ‘ಜೈವಿಕ’ ಪದವೇ. ಜೀವಕ್ಕೆ ‘ಇಕ’ ಸೇರಿದರೆ ಜೈವಿಕ. ಜೀವಕ್ಕೆ ಸಂಬಂಧಪಟ್ಟದ್ದು ಅಂತ ಅರ್ಥ, ಏನು ಸಂಬಂಧ ಅಂತ ಅದು ಹೇಳುವುದಿಲ್ಲ. ಜೈವಿಕ ಇಂಧನ ಜೀವಿಯಿಂದ ಬಂದದ್ದು. ಜೈವಿಕ ಗಡಿಯಾರ ಜೀವಿಯ ಒಳಗೆ ಇರುವಂಥದ್ದು. ಜೈವಿಕ ಗೊಬ್ಬರದಲ್ಲಿ ಜೀವಿಗಳೇ ಕೆಲಸ ಮಾಡುತ್ತವೆ. ಜೈವಿಕ ಅಸ್ತ್ರ ಜೀವ ತೆಗೆಯುತ್ತದೆ, ಅದನ್ನು ಪರಿಸರಸ್ನೇಹಿ ಅಂತ ಯಾರೂ ಕರೆಯುವುದಿಲ್ಲವಲ್ಲ. ಆದರೆ ಅದೇ ಪದ ತೊಟ್ಟೆಯ ಮೇಲೆ ಬಂದರೆ ಸಾಕು, ಎಲ್ಲರಿಗೂ ಒಳ್ಳೆಯದಾಗಿಯೇ ಕಾಣುತ್ತದೆ.

ಇನ್ನು ‘ಸಾವಯವ’. ಅವಯವ ಸಹಿತವಾದದ್ದು ಸಾವಯವ. ಅಂಗಾಂಗ ಇರುವ ಜೀವಿಗಳಿಂದ ಮಾತ್ರ ಸಿಗುವ ವಸ್ತುಗಳು ಬೇರೆಯೇ ಜಾತಿ ಅಂತ ಹಿಂದಿನ ರಸಾಯನಶಾಸ್ತ್ರಜ್ಞರು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವ್ಯೋಲರ್ ನಿರವಯವ ಅಂತ ಎಣಿಸಿದ್ದ ಲವಣದಿಂದಲೇ ಯೂರಿಯಾ ತಯಾರಿಸಿದ. ಆ ನಂಬಿಕೆ ಅಲ್ಲಿಂದ ಸಡಿಲವಾಯಿತು, ಹೆಸರು ಮಾತ್ರ ಉಳಿಯಿತು. ಈಗ ಸಾವಯವ ರಸಾಯನಶಾಸ್ತ್ರ ಅಂದರೆ ಇಂಗಾಲದ ಸಂಯುಕ್ತಗಳ ಶಾಸ್ತ್ರ. ಆ ಲೆಕ್ಕದಲ್ಲಿ ಪ್ಲಾಸ್ಟಿಕ್ ತೊಟ್ಟೆ ಸಾವಯವ. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯ ಯೂರಿಯಾವೂ ಸಾವಯವ. ಸಾವಯವ ಕೃಷಿಕರು ತೋಟಕ್ಕೆ ಬೇಡ ಅನ್ನುವುದು ಇದೇ ಯೂರಿಯಾವನ್ನು! ಇಷ್ಟು ಜಾರುವ ಪದಗಳನ್ನು ಬ್ಯಾನರ್‌ಗೆ ಹಾಕುವ ಮುಂಚೆ ಸ್ವಲ್ಪ ಯೋಚಿಸಬೇಕು, ಅಲ್ವಾ?

ಈಗ ವಸ್ತುಗಳಿಗೆ ಬರೋಣ. ಬ್ರೆಜಿಲ್‌ನಲ್ಲಿ 2010ರಿಂದ ಕಬ್ಬಿನ ಎಥನಾಲ್‌ನಿಂದ ದೊಡ್ಡ ಮಟ್ಟದಲ್ಲಿ ಪಾಲಿಥೀನ್ ತಯಾರಾಗುತ್ತಿದೆ. ಹುಟ್ಟು ಗದ್ದೆಯಲ್ಲಿ. ಅಣು ಮಾತ್ರ ಎಣ್ಣೆಯ ಪಾಲಿಥೀನ್‌ನದ್ದೇ. ಚರಂಡಿಗೆ ಹೋದರೆ ಅದೂ ಹಾಗೆಯೇ ಕೂರುತ್ತದೆ. ಹರಳೆಣ್ಣೆಯಿಂದ ನೈಲಾನ್-11 ಮಾಡುತ್ತಾರೆ, ಅದೂ ಕೊಳೆಯುವ ಪೈಕಿ ಅಲ್ಲ.

ಅಷ್ಟು ದೂರ ಯಾಕೆ, ಗೇರುಬೀಜದ ಸಿಪ್ಪೆಯಿಂದ ಬರುವ ಗೇರೆಣ್ಣೆಯನ್ನೇ ನೋಡಿ. ನೂರಕ್ಕೆ ನೂರು ಜೈವಿಕ ಮೂಲ. ಕರಾವಳಿಯಲ್ಲಿ ಅದನ್ನು ಮರದ ದೋಣಿಗೆ ಬಳಿಯುತ್ತಿದ್ದುದು ಯಾಕೆ? ಮರ ಕೊಳೆಯಬಾರದು ಅಂತ! ಅದರಲ್ಲಿರುವ ಕಾರ್ಡನಾಲ್ ಅನ್ನುವ ರಾಸಾಯನಿಕದಿಂದ ಮಾಡಿದ ರಾಳ ಇವತ್ತು ವಾಹನಗಳ ಬ್ರೇಕ್ ಲೈನಿಂಗ್‌ಗೆ, ಗಟ್ಟಿ ಬಣ್ಣಗಳಿಗೆ ಹೋಗುತ್ತದೆ. ಕೊಳೆಯದಿರುವುದೇ ಅಲ್ಲಿ ಅದರ ಗುಣ. ಕಚ್ಚಾ ತೈಲದ ಬದಲು ಗೇರುಸಿಪ್ಪೆ ಬಳಸಿದ್ದು ಒಳ್ಳೆಯ ಕೆಲಸವೇ. ಆದರೆ ಆ ಒಳ್ಳೆಯತನ ಮಣ್ಣಲ್ಲಿ ಕರಗುವುದರಲ್ಲಿ ಇಲ್ಲ.

ತಿರುಗಿಸಿಯೂ ನೋಡಬಹುದು. ಪಿಬಿಎಟಿ ಅನ್ನುವ ಪ್ಲಾಸ್ಟಿಕ್ ಹೆಚ್ಚಾಗಿ ಕಚ್ಚಾ ತೈಲದಿಂದಲೇ ಬರುತ್ತದೆ, ಆದರೂ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಕಾಂಪೋಸ್ಟೇಬಲ್, ಅಂದರೆ ಗೊಬ್ಬರವಾಗುವಂಥದ್ದು, ಅಂತ ಬರೆದ ಎಷ್ಟೋ ತೊಟ್ಟೆಗಳಲ್ಲಿ ಇದೇ ಇರುತ್ತದೆ. ‘ಆಕ್ಸೋ’ ತೊಟ್ಟೆಯದು ಬೇರೆ ಕಥೆ. ಅದು ಸಾಮಾನ್ಯ ಪ್ಲಾಸ್ಟಿಕ್‌ಗೆ ಏನೋ ಬೆರೆಸಿ ಚೂರುಚೂರಾಗುವಂತೆ ಮಾಡಿದ್ದು. ಕಣ್ಣಿಗೆ ಕಾಣಿಸದಷ್ಟು ಪುಡಿಯಾಗುವುದೂ ಕೊಳೆಯುವುದೂ ಒಂದೇ ಅಲ್ಲ. ಯುರೋಪಿಯನ್ ಒಕ್ಕೂಟ 2021ರಲ್ಲಿ ಅದನ್ನು ನಿಷೇಧಿಸಿತು.

ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಜೈವಿಕ ಮೂಲದ್ದೂ ಹೌದು, ಕೊಳೆಯುವಂಥದ್ದೂ ಹೌದು, ಆದರೆ ಷರತ್ತು ಇದೆ. ಕಾಂಪೋಸ್ಟೇಬಲ್ ಪ್ಲಾಸ್ಟಿಕ್‌ಗೆ ಇರುವ ಐಎಸ್/ಐಎಸ್ಒ 17088 ಮಾನಕ ಕೇಳುವುದು ಕಾರ್ಖಾನೆ ಮಾದರಿಯ ಗೊಬ್ಬರದ ಘಟಕದಲ್ಲಿ 180 ದಿನದೊಳಗೆ ಶೇ. 90ರಷ್ಟು ಜೀರ್ಣವಾಗಬೇಕು ಅಂತ. ಅಲ್ಲಿ ಶಾಖ 58 ಡಿಗ್ರಿ ಆಸುಪಾಸು ಇರುತ್ತದೆ. ಮನೆ ಹಿಂದಿನ ಗೊಬ್ಬರಗುಂಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಮಲ್ಪೆ ಕಡಲಿಗಂತೂ ಕೇಳುವುದೇ ಬೇಡ.

ಅಡಿಕೆ ಹಾಳೆಯ ತಟ್ಟೆಗೆ ಹುಟ್ಟೂ ಸರಿ, ಗತಿಯೂ ಸರಿ. ಅಡಿಕೆ ಮರದಿಂದ ಬಿದ್ದ ಹಾಳೆ, ಬಿಸಿ ಅಚ್ಚಿನಲ್ಲಿ ಒತ್ತಿದ್ದು, ಬೇರೇನೂ ಇಲ್ಲ. ಆದರೆ ಊಟ ಮುಗಿದ ಮೇಲೆ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸದ ಲಾರಿಗೆ ಕೊಡುತ್ತೇವೆ. ಗಾಳಿಯಾಡದ ಕಸದ ರಾಶಿಯ ಅಡಿಯಲ್ಲಿ ಅದು ಗೊಬ್ಬರವಾಗುವುದಿಲ್ಲ, ಮೀಥೇನ್ ಬಿಡುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿತಲ್ಲ, ಅಲ್ಲಿ ಅಡಿಕೆ ತೋಟಗಳೂ ಹೋದವು.

‘ಜೈವಿಕ ಆರ್ಥಿಕತೆ’ ಅನ್ನುವುದನ್ನೂ ಕಸದ ಯೋಜನೆ ಅಂತ ತಿಳಿಯಬೇಡಿ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಪ್ಪಿದ ಬಯೋಇ3 ನೀತಿ ಜೈವಿಕ ಉತ್ಪಾದನೆಯ, ಅಂದರೆ ಜೀವಿಗಳನ್ನೋ ಜೀವಕೋಶಗಳನ್ನೋ ಬಳಸಿ ವಸ್ತು ತಯಾರಿಸುವುದರ ಕುರಿತದ್ದು. ನಮ್ಮ ದೇಶದ ಜೈವಿಕ ಆರ್ಥಿಕತೆಯ ಲೆಕ್ಕದಲ್ಲಿ ಲಸಿಕೆ, ಕಿಣ್ವ, ಎಥನಾಲ್ ಎಲ್ಲವೂ ಸೇರುತ್ತವೆ. ‘ಸುಸ್ಥಿರ’ ಅನ್ನುವುದು ಮತ್ತೂ ಬೇರೆ. ಕಾಡು ಕಡಿದು ಬೆಳೆಸಿದ ತಾಳೆಯ ಎಣ್ಣೆಯೂ ಜೈವಿಕ ಮೂಲದ್ದೇ.

‘ಸುರಕ್ಷಿತ’ವನ್ನೂ ಇದೇ ಪದದೊಳಗೆ ತುರುಕುವವರಿದ್ದಾರೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಯಿಂದ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು, ಅದನ್ನು ಮಾರಬೇಡಿ ಅಂದಿತು. ಆಗ ಇಲ್ಲಿ ಹೆಚ್ಚಾಗಿ ಕೇಳಿದ ಉತ್ತರ ‘ಅದು ಜೈವಿಕ, ನಮ್ಮ ಅಜ್ಜಂದಿರ ಕಾಲದಿಂದ ಹಾಳೆಯಲ್ಲಿ ಉಣ್ಣುತ್ತಿದ್ದೇವೆ’ ಅಂತ. ಎಫ್‌ಡಿಎ ಎತ್ತಿದ್ದು ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳ, ಅಂದರೆ ಗಿಡಗಳೇ ತಯಾರಿಸುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳ ಮಾತು. ಬಿಸಿ ಸಾರು ಬಿದ್ದಾಗ ಹಾಳೆಯಿಂದ ಅದು ಎಷ್ಟು ಇಳಿಯುತ್ತದೆ ಅಂತ ಅಳೆದು ತೋರಿಸಿದರೆ ಅದು ಉತ್ತರ.