ಈ ಜೀಪು ಎಷ್ಟು ಮಳೆಗಾಲ ಕಂಡಿದೆ?

ಕೊಪ್ಪದ ಆಚೆಗಿನ ಒಂದು ತೋಟದ ಮನೆಯ ಅಂಗಳದಲ್ಲಿ ಜೀಪು ನಿಂತಿತ್ತು. 1991ರ ಮಹೀಂದ್ರಾ ಎಂಎಂ 540. ಹೊಸದಾಗಿ ಬಳಿದ ಹಸಿರು ಬಣ್ಣ, ಹೊಸ ಟಾರ್ಪಾಲು, ಡ್ಯಾಶ್‌ಬೋರ್ಡಿನ ಮೇಲೊಂದು ಪುಟ್ಟ ಗಣಪತಿ. ಭಾವ ಅದನ್ನು ನೋಡುತ್ತ ನಿಂತ ರೀತಿಯಲ್ಲೇ ಗೊತ್ತಾಯಿತು, ಮನಸ್ಸಿನಲ್ಲಿ ಅವರು ಮುಂಗಡ ಕೊಟ್ಟಾಗಿದೆ ಎಂದು. ಮಾರುವವರಿಗೂ ಗೊತ್ತಾಗಿರಬೇಕು; ಕಾಫಿ ಬಹಳ ಬೇಗ ಬಂತು.

"ಎಷ್ಟು ಕಿಲೋಮೀಟರ್ ಓಡಿದೆ?" ಎಂದು ಭಾವ ಕೇಳಿದರು.

ಮೂವತ್ತು ವರ್ಷ ದಾಟಿದ ಜೀಪಿನ ಮೀಟರು ಏನು ಹೇಳಿದರೂ ಒಂದೇ. ಅದು ಎಷ್ಟು ಸಲ ಕೆಟ್ಟಿದೆಯೋ, ಎಷ್ಟು ಸಲ ಬದಲಾಗಿದೆಯೋ ಬಲ್ಲವರು ಯಾರು? ನನಗಿದ್ದ ಪ್ರಶ್ನೆ ಬೇರೆ. ಈ ಗಾಡಿ ಎಷ್ಟು ಮಳೆಗಾಲ ಕಂಡಿದೆ, ಮಳೆ ಹೊಯ್ಯುವಾಗ ಎಲ್ಲಿ ನಿಂತಿರುತ್ತಿತ್ತು? ಎಂಜಿನ್ ಸವೆದಿದ್ದರೆ ಬಿಚ್ಚಿ ಬೋರ್ ಮಾಡಿಸಬಹುದು. ಗೇರ್ ಬಾಕ್ಸಿನ ಬೇರಿಂಗು ಪೇಟೆಯಲ್ಲಿ ಸಿಗುತ್ತದೆ. ಆದರೆ ಇವೆಲ್ಲವನ್ನೂ ಹೊತ್ತು ನಿಂತ ಚಾಸಿಯ ಕಬ್ಬಿಣವೇ ಹೋದರೆ ಉಳಿಯುವುದು ನಂಬರ್ ಪ್ಲೇಟು ಮತ್ತು ಗಣಪತಿ.

ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ನಾವು ಬರುವ ಮೊದಲೇ ಗಾಡಿಯನ್ನು ಚಾಲೂ ಮಾಡಿ ಇಟ್ಟಿದ್ದರು. ಇದರಲ್ಲಿ ಮೋಸವಿದೆ ಎಂದೇನಲ್ಲ, ಮನೆಗೆ ಬರುವವರ ಮುಂದೆ ಮರ್ಯಾದೆ ಹೋಗಬಾರದು ಎಂಬ ಆಸೆಯೂ ಇರಬಹುದು. ಆದರೆ ಡೀಸೆಲ್ ಎಂಜಿನ್ನಿನ ಬಂಡವಾಳ ಬಯಲಾಗುವುದು ಅದು ತಣ್ಣಗಿರುವಾಗ. ಅದರಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಅದುಮುತ್ತದೆ, ಅದುಮಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ, ಆ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಗಾಳಿ ಪಕ್ಕದಿಂದ ಜಾರಿಹೋಗುತ್ತದೆ. ಸಿಲಿಂಡರಿನ ಗೋಡೆಯೂ ತಣ್ಣಗಿದ್ದರೆ ಇದ್ದ ಬಿಸಿಯನ್ನೂ ಅದೇ ಹೀರಿಕೊಳ್ಳುತ್ತದೆ. ಆಗ ಸ್ಟಾರ್ಟರ್ ಗೊರಗೊರ ಎನ್ನುತ್ತದೆ, ಸೈಲೆನ್ಸರಿನಿಂದ ಸುಡದ ಡೀಸೆಲ್ ಬಿಳಿ ಹೊಗೆಯಾಗಿ ಬರುತ್ತದೆ. ಬಿಸಿ ಎಂಜಿನ್ ಈ ದೌರ್ಬಲ್ಯವನ್ನೆಲ್ಲ ಮುಚ್ಚಿಡುತ್ತದೆ. ಎಂಜಿನ್ ಆರಲಿ ಎಂದು ಹೇಳಿ, ಗೋಣಿಚೀಲ ಹಾಸಿಕೊಂಡು ಜೀಪಿನ ಅಡಿಗೆ ಹೋದೆ. ಕೈಯಲ್ಲಿ ಟಾರ್ಚು, ಹಳೆಯ ಸ್ಕ್ರೂಡ್ರೈವರು. ಜೇಬಿನಲ್ಲಿ ಫ್ರಿಜ್ಜಿನ ಬಾಗಿಲಿನಿಂದ ಕಿತ್ತು ತಂದ ಒಂದು ಆಯಸ್ಕಾಂತ.

ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಕತೆ. ಉಳಿದರ್ಧವನ್ನು ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಒಂದೇ ಒಂದು ಹನಿ ನೀರಿನಲ್ಲಿ ತೋರಿಸಿಕೊಟ್ಟರು. ಚೆನ್ನಾಗಿ ಉಜ್ಜಿ ನಯ ಮಾಡಿದ ಉಕ್ಕಿನ ತಗಡು, ಅದರ ಮೇಲೆ ಒಂದು ಹನಿ ಉಪ್ಪುನೀರು. ಆ ನೀರಿನಲ್ಲಿ ಎರಡು ಸೂಚಕಗಳು: ಒಂದು ಕ್ಷಾರ ಹುಟ್ಟಿದ ಕಡೆ ಗುಲಾಬಿಗೆ ತಿರುಗುತ್ತದೆ, ಇನ್ನೊಂದು ಕಬ್ಬಿಣ ಕರಗಿದ ಕಡೆ ನೀಲಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನಿಯ ಅಂಚಿನ ಸುತ್ತ ಗುಲಾಬಿ ಬಳೆ, ನಡುವೆ ನೀಲಿ ಬೊಟ್ಟು.

ಅಂಚಿನಲ್ಲಿ ನೀರು ತೆಳುವಾಗಿರುವುದರಿಂದ ಗಾಳಿಯ ಆಮ್ಲಜನಕ ಸುಲಭವಾಗಿ ಒಳಗಿಳಿಯುತ್ತದೆ. ನಡುವೆ ನೀರು ದಪ್ಪ, ಅಲ್ಲಿ ಆಮ್ಲಜನಕಕ್ಕೆ ಬರಗಾಲ. ಈ ವ್ಯತ್ಯಾಸವೊಂದೇ ಸಾಕು, ಹನಿಯೊಂದು ಪುಟ್ಟ ಬ್ಯಾಟರಿಯಾಗಿಬಿಡುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಅವು ತಗಡಿನ ಒಳಗೇ ಹರಿದು ಅಂಚಿಗೆ ಬಂದು ಆಮ್ಲಜನಕವನ್ನು ಸೇರುತ್ತವೆ. ಅಂದರೆ ಕಬ್ಬಿಣ ಸವೆಯುವುದು ಗಾಳಿ ಆಡುವ ಜಾಗದಲ್ಲಲ್ಲ, ಗಾಳಿ ಸಿಗದ ಜಾಗದಲ್ಲಿ. ಕೆಂಪು ಹುಡಿ ಕಾಣಿಸಿಕೊಳ್ಳುವುದು ಸ್ವಲ್ಪ ಆಚೆ, ಎರಡರ ನಡುವಿನ ಗಡಿಯಲ್ಲಿ. ಕಳ್ಳತನವಾದದ್ದು ಒಂದು ಮನೆಯಲ್ಲಿ, ಹೆಜ್ಜೆ ಗುರುತು ಪಕ್ಕದ ಮನೆಯ ಅಂಗಳದಲ್ಲಿ.

ಇಷ್ಟು ತಿಳಿದ ಮೇಲೆ ಜೀಪಿನ ಅಡಿಯಲ್ಲಿ ಎಲ್ಲಿ ಟಾರ್ಚು ಹಾಯಿಸಬೇಕು ಎಂಬುದು ಬದಲಾಗುತ್ತದೆ. ಸ್ಪ್ರಿಂಗ್ ಪಟ್ಟಿಗಳ ಮೇಲೆ, ಬೋಲ್ಟಿನ ತಲೆಯ ಮೇಲೆ ಎದ್ದು ಕಾಣುವ ಕೆಂಪು ತುಕ್ಕಿಗೆ ನಾನು ಹೆಚ್ಚು ಹೆದರುವುದಿಲ್ಲ. ಹೆದರಬೇಕಾದದ್ದು ಚಾಸಿಯ ಮೂಲೆಯಲ್ಲಿ ಹೆಪ್ಪುಗಟ್ಟಿದ ಕೆಸರಿಗೆ, ರಬ್ಬರ್ ಮ್ಯಾಟಿನ ಅಡಿಯ ಒದ್ದೆಗೆ, ಒಂದರ ಮೇಲೊಂದು ಬೆಸೆದ ಎರಡು ತಗಡುಗಳ ನಡುವಿನ ಸಂದಿಗೆ. ಕೆಸರು ನೀರನ್ನು ಹಿಡಿದಿಡುತ್ತದೆ, ಗಾಳಿಯನ್ನು ತಡೆಯುತ್ತದೆ. ಇವಾನ್ಸರ ಹನಿ ಅಲ್ಲಿ ತಿಂಗಳುಗಟ್ಟಲೆ ಆರದೆ ಕೂತಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಸಂದಿಯ ತಗಡುಗಳು ಹಪ್ಪಳದಂತೆ ಉಬ್ಬಿಕೊಳ್ಳುತ್ತವೆ.

ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಆಸುಪಾಸಿನ ಗಾಡಿಯೆಂದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಎಷ್ಟು ನೀರು ಬಿತ್ತು ಎಂಬುದಕ್ಕಿಂತ ಎಷ್ಟು ದಿನ ಒದ್ದೆಯಿತ್ತು, ಆ ನೀರಿನಲ್ಲಿ ಉಪ್ಪೆಷ್ಟಿತ್ತು ಎಂಬುದು ಮುಖ್ಯ. ಉಪ್ಪು ನೀರನ್ನು ಒಳ್ಳೆಯ ವಿದ್ಯುದ್ವಾಹಕವನ್ನಾಗಿ ಮಾಡುತ್ತದೆ, ಅದರಲ್ಲಿರುವ ಕ್ಲೋರೈಡು ಲೋಹದ ರಕ್ಷಣಾ ಪದರವನ್ನು ಒಡೆಯುತ್ತದೆ. ದಿನವೂ ಓಡಾಡಿ, ಶೆಡ್ಡಿನಲ್ಲಿ ಆರುತ್ತಿದ್ದ ಆಗುಂಬೆಯ ಜೀಪು ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತ ಜೀಪಿಗಿಂತ ವಾಸಿ ಇರಬಹುದು. ಮಲೆನಾಡಿನ ಹಳಬರು ಮಳೆ ಹಿಡಿಯುವ ಮೊದಲು ಎಂಜಿನ್ನಿನಿಂದ ತೆಗೆದ ಕಪ್ಪು ಆಯಿಲನ್ನು ಚಾಸಿಗೆ ಬಳಿಯುತ್ತಾರೆ. ನೋಡಲು ಅಸಹ್ಯ, ಕೈಗೆ ಬಟ್ಟೆಗೆಲ್ಲ ಮಸಿ, ನೆಲಕ್ಕೂ ಒಳ್ಳೆಯದಲ್ಲ. ಆದರೆ ಕಬ್ಬಿಣಕ್ಕೆ ನೀರು ತಾಗದಂತೆ ಅದು ಕಾಯುತ್ತದೆ. ಹೊಳೆಯುವ ಹೊಸ ಬಣ್ಣಕ್ಕಿಂತ ಆ ಕೊಳಕು ಚಾಸಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಈ ಜೀಪಿನ ಚಾಸಿಯಲ್ಲಿ ಕಪ್ಪು ಆಯಿಲಿನ ಸುಳಿವಿರಲಿಲ್ಲ; ಅಡಿಯೆಲ್ಲ ಹೊಸ ಕಪ್ಪು ಬಣ್ಣ. ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದೆ. ಟಣ್, ಟಣ್, ಟಣ್. ಹಿಂದಿನ ಸ್ಪ್ರಿಂಗು ಚಾಸಿಗೆ ಜೋಡಣೆಯಾಗುವಲ್ಲಿ ಸದ್ದು ಡಬ್ ಎಂದಿತು. ಸ್ಕ್ರೂಡ್ರೈವರನ್ನು ತಿರುಗಿಸಿ ತುದಿಯಿಂದ ಒತ್ತಿದೆ. ಹಣ್ಣಾದ ಪಪ್ಪಾಯಿಗೆ ಚಾಕು ಇಳಿದ ಹಾಗೆ ಒಳಗೆ ಹೋಯಿತು. ಹೊರತೆಗೆದಾಗ ಎದೆಯ ಮೇಲೆ ಒಂದು ಹಿಡಿ ಕಂದು ಹುಡಿ ಉದುರಿತು.

ಮೇಲೆದ್ದು ಆಯಸ್ಕಾಂತವನ್ನು ಬಾಡಿಗೆ ಹಿಡಿದೆ. ಬಾಗಿಲಿನ ಬಳಿ ಗಟ್ಟಿಯಾಗಿ ಕಚ್ಚಿಕೊಂಡಿತು. ಹಿಂದಿನ ಚಕ್ರದ ಮೇಲ್ಭಾಗದಲ್ಲಿ ಕೈಬಿಟ್ಟೊಡನೆ ಬಿದ್ದುಹೋಯಿತು. ಕೆಲವೇ ಮಿಲಿಮೀಟರ್ ಅಂತರ ಬಿದ್ದರೂ ಇಂಥ ಸಣ್ಣ ಆಯಸ್ಕಾಂತದ ಸೆಳೆತ ಕುಸಿಯುತ್ತದೆ; ಅಲ್ಲಿ ಬಣ್ಣದ ಕೆಳಗಿದ್ದುದು ದಪ್ಪನೆಯ ಪುಟ್ಟಿ.

"ವೆಲ್ಡಿಂಗ್ ಮಾಡಿಸಿದರೆ ಆಗುತ್ತದಲ್ಲ?" ಎಂದರು ಭಾವ, ಆಸೆ ಬಿಡದೆ.

ಬಾಡಿಯ ತಗಡಿಗೆ ಆಗುತ್ತದೆ. ಚಾಸಿಗೆ ಪ್ಯಾಚು ಹಾಕಬೇಕಾದರೆ ಬೆಸುಗೆ ಕಚ್ಚಲು ಸುತ್ತ ಗಟ್ಟಿ ಕಬ್ಬಿಣ ಇರಬೇಕು. ಅಲ್ಲದೆ ಬೆಸುಗೆಯ ಕಾವಿಗೆ ಒಳಮಗ್ಗುಲಿನ ಬಣ್ಣ ಸುಟ್ಟುಹೋಗುತ್ತದೆ. ಕೈ ಹೋಗದ ಆ ಜಾಗದಲ್ಲಿ ಬರಿಗಬ್ಬಿಣ ಮುಂದಿನ ಮಳೆಗಾಲಕ್ಕೆ ಕಾದು ಕೂರುತ್ತದೆ. ಎಂಜಿನ್ ತಣ್ಣಗಾಗುವವರೆಗೆ ಕಾಯುವ ಪ್ರಮೇಯ ಬರಲಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಭಾವನ ವಾದ ಒಂದೇ: ತೋಟದ ಕೆಸರು ದಾರಿಗೆ ಫೋರ್ ವೀಲ್ ಬೇಕೇ ಬೇಕು. ಅದನ್ನು ನಾನು ಅಲ್ಲಗಳೆಯಲಿಲ್ಲ. ಎರಡೇ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ ಮುಗಿಯಿತು. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಅಂದರೆ ಡಿಫರೆನ್ಷಿಯಲ್, ಎರಡಕ್ಕೂ ಸಮನಾಗಿ ತಿರುಚುಬಲ ಹಂಚುವುದರಿಂದ, ಜಾರುವ ಚಕ್ರಕ್ಕೆ ಎಷ್ಟು ಕಡಿಮೆಯೋ ನೆಲ ಹಿಡಿದ ಚಕ್ರಕ್ಕೂ ಅಷ್ಟೇ ಕಡಿಮೆ. ಮುಂದಿನ ಆಕ್ಸಲಿಗೂ ಬಲ ಹೋದರೆ ಇನ್ನೊಂದು ಜೊತೆ ಕೆಲಸಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಿಂದ ಎಂಎಂ 540ರವರೆಗೆ ಲೆಕ್ಕ ಇಷ್ಟೇ.

ಆದರೆ ಈ ಹಳೆಯ ಏರ್ಪಾಟಿಗೆ ಒಂದು ಷರತ್ತಿದೆ. ಮುಂದಿನ, ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಇದೇ ವಂಶದ ಹಳೆಯ ಜೀಪು ವಿಲ್ಲೀಸ್ ಸಿಜೆ 3ಬಿಯ ಎರಡು ಆಕ್ಸಲುಗಳ ನಡುವೆ ಸುಮಾರು ಎರಡು ಮೀಟರ್ ಅಂತರ. ಹಿಂದಿನ ಆಕ್ಸಲು 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ, ಮುಂದಿನದು ಅದಕ್ಕಿಂತ 60 ಸೆಂಟಿಮೀಟರ್‌ನಷ್ಟು ಹೆಚ್ಚು ದೂರ ಹೋಗಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸವನ್ನು ನುಂಗುತ್ತದೆ. ಒಣ ಟಾರು ರಸ್ತೆಯಲ್ಲಿ ಚಕ್ರ ಸುಲಭಕ್ಕೆ ಜಾರದು. ಆ ತಿಕ್ಕಾಟವೆಲ್ಲ ಶಾಫ್ಟುಗಳ ತಿರುಚಾಗಿ, ಎರಡೂ ಆಕ್ಸಲುಗಳಿಗೆ ಬಲ ಕಳಿಸುವ ಗೇರುಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಹಿಂದಿನ ಮಾಲೀಕರು ಪೇಟೆಯಲ್ಲೂ ಶೋಕಿಗೆ ಫೋರ್ ವೀಲ್ ಹಾಕುತ್ತಿದ್ದರೇ ಎಂಬುದನ್ನು ಕೇಳಬೇಕಾಗಿಲ್ಲ, ಗಾಡಿಯನ್ನು ನಿಧಾನಕ್ಕೆ, ಹೆಚ್ಚು ಬಲದಿಂದ ಓಡಿಸುವ ಲೋ ಗೇರಿನ ಊಳಾಟವೇ ಹೇಳುತ್ತದೆ. ಡೀಸೆಲ್ ಉಳಿಸಲು ಮುಂದಿನ ಶಾಫ್ಟನ್ನೇ ಕಳಚಿ ಅಟ್ಟಕ್ಕೆ ಹಾಕಿದವರೂ ಇದ್ದಾರೆ. ಆಗ ಲಿವರ್ ಚಂದವಾಗಿ ಬೀಳುತ್ತದೆ, ಮುಂದಿನ ಚಕ್ರಗಳಿಗೆ ಮಾತ್ರ ಸುದ್ದಿಯೇ ಮುಟ್ಟುವುದಿಲ್ಲ.

ಕೆಸರಿಗಿಂತ ಲೋ ಗೇರು ಹೆಚ್ಚು ಬೆಲೆ ಬಾಳುವುದು ಘಟ್ಟ ಇಳಿಯುವಾಗ ಎಂಬುದು ನನ್ನ ಅಭಿಪ್ರಾಯ. ಹೊರೆ ಸೇರಿ 1500 ಕಿಲೋ ತೂಗುವ ಜೀಪು 800 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಶಕ್ತಿಯಲ್ಲಿ ಸುಮಾರು 37 ಲೀಟರ್ ತಣ್ಣೀರನ್ನು ಕುದಿಸಬಹುದು. ಅಷ್ಟು ಕಾವನ್ನು ಹಳೆಯ ಡ್ರಮ್ ಬ್ರೇಕುಗಳ ಮೇಲೆಯೇ ಹೊರಿಸಿದರೆ ಅವು ಕೈಕೊಡುತ್ತವೆ. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ತಪಾಸಣೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಪೆಟ್ರೋಲ್ ಎಂದೇ ಉಳಿಸಿಕೊಂಡವು ಬೇಕಾದಷ್ಟಿವೆ. ಅಂಥದ್ದರ ಹತ್ತಿರವೂ ಹೋಗಬಾರದು. ಚಾಸಿ ನಂಬರನ್ನು ಕಬ್ಬಿಣದ ಮೇಲೆ ಕೊರೆದಿರುತ್ತಾರೆ. ತುಕ್ಕಿಗೆ ಅಂಕಿ ಯಾವುದು, ತಗಡು ಯಾವುದು ಎಂಬ ಭೇದವಿಲ್ಲ.

ಮೊನ್ನೆ ರಾತ್ರಿ ಭಾವ ಫೋನು ಮಾಡಿದರು. ಸಕಲೇಶಪುರದ ಹತ್ತಿರ ಇನ್ನೊಂದು ಜೀಪಿದೆಯಂತೆ, ಒಬ್ಬರೇ ಮಾಲೀಕರು, ಬಣ್ಣ ಬಳಿಸಿಲ್ಲ, ಎಂಟು ವರ್ಷದಿಂದ ಒಂದು ಹನಿ ಮಳೆ ಬಿದ್ದಿಲ್ಲ.

"ಎಲ್ಲಿ ನಿಲ್ಲಿಸಿದ್ದಾರೆ?" ಎಂದೆ.

"ದನದ ಕೊಟ್ಟಿಗೆಯ ಒಂದು ಮಗ್ಗುಲಲ್ಲಿ. ಒಳ್ಳೆಯ ಸೂರಿದೆ."

ಗಂಜಲದಲ್ಲಿ ಎಷ್ಟು ಉಪ್ಪಿರುತ್ತದೆ ಎಂದು ಫೋನಿನಲ್ಲಿ ವಿವರಿಸಲು ಹೋಗಲಿಲ್ಲ. ಭಾನುವಾರ ಬೆಳಗ್ಗೆ ಹೊರಡುವುದು ಎಂದಾಗಿದೆ. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ್ದೇನೆ.